ಬೆಣ್ಣೆ ದೋಸೆ, ಮಂಡಕ್ಕಿ ಭಟ್ಟಿ ಮತ್ತು ಮೂಗಿನ ನೆನಪು

(ದಾವಣಗೆರೆಯಲ್ಲಿ ಓದುವ ಗೆಳೆಯರೆಲ್ಲ ಸೇರಿದ್ದ ಕಡೆ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ನಡುವೆ ಕೇಳುಗರು ಹೇಳಿದ್ದನ್ನೂ ಸೇರಿಸಿದ್ದೇನೆ.)

ಎಲ್ಲರ ಕೈಗೂ ಒಂದೊಂದು ಜೀರಿಗೆ ಪೆಪ್ಪರ್‌ಮೆಂಟು ಬಂತಾ? ಈಗಲೇ ಬಾಯಿಗೆ ಹಾಕಿಕೊಳ್ಳಬೇಡಿ. ಮೊದಲು ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ ಬಾಯಿಗೆ ಹಾಕಿ ಕಡಿಯಿರಿ. ಏನು ಗೊತ್ತಾಗ್ತಿದೆ? ಸಿಹಿ. ಅಷ್ಟೇ, ಅಲ್ವಾ? ಈಗ ಮೂಗು ಬಿಡಿ.

ಬಿಟ್ಟ ತಕ್ಷಣ ಒಂದು ಸಣ್ಣ ಗದ್ದಲ ಎದ್ದಿತು. ಜೀರಿಗೆ ಬಂತು, ಜೀರಿಗೆ ಬಂತು ಅಂತ ಹಿಂದಿನ ಸಾಲಿನವರು ಜೋರಾಗಿ ನಕ್ಕರು. ಜೀರಿಗೆ ಮೊದಲಿಂದಲೂ ಬಾಯಲ್ಲೇ ಇತ್ತು. ಅದನ್ನು ಹಿಡಿಯುವ ಶಕ್ತಿ ನಾಲಿಗೆಗೆ ಇಲ್ಲ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಅಣಬೆ, ಮಾಂಸದ ಸಾರಿನಲ್ಲಿ ಸಿಗುವ ಉಮಾಮಿ ಅನ್ನುವ ಐದನೆಯದೊಂದು. ಈ ಐದನೆಯದನ್ನು 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಸಮುದ್ರದ ಪಾಚಿಯ ಸಾರಿನಲ್ಲಿ ಗುರುತಿಸಿದರು. ಖಾರ ಈ ಪಟ್ಟಿಯಲ್ಲೇ ಇಲ್ಲ, ಮೆಣಸಿನಕಾಯಿ ಮುಟ್ಟುವುದು ಬಿಸಿ ಮತ್ತು ಉರಿಯನ್ನು ತಿಳಿಯುವ ನರಗಳನ್ನು. ಮಿರ್ಚಿ ತಿಂದಾಗ ಕಣ್ಣಲ್ಲಿ ನೀರು ಬರೋದು ಅದಕ್ಕೇ.

ಹಾಗಾದರೆ ನಾವು ದಿನಾ 'ಏನ್ ರುಚಿ' ಅಂತ ಹೊಗಳೋದು ಯಾವುದನ್ನು? ಬಹುಪಾಲು ವಾಸನೆಯನ್ನೇ. ಅಗಿಯುವಾಗ ಊಟದಿಂದ ಹೊರಟ ಗಾಳಿ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಮುಂದಿನಿಂದ ಮೂಸುವುದು ಒಂದು ದಾರಿ, ಹಿಂದಿನಿಂದ ಏರುವುದು ಇನ್ನೊಂದು ದಾರಿ. ನೆಗಡಿ ಆದಾಗ ಸಾರು ಸಪ್ಪೆ ಅನಿಸುತ್ತದಲ್ಲ, ಆಗ ನಾಲಿಗೆ ಸರಿಯಾಗೇ ಇರುತ್ತದೆ, ಮುಚ್ಚಿಕೊಂಡಿರುವುದು ಈ ಹಿಂದಿನ ದಾರಿ.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಅದಕ್ಕೇ ಮೊದಲು ಒಳಗಿನ ರಚನೆ ಹೇಳಿಬಿಡ್ತೀನಿ, ಕಥೆ ಆಮೇಲೆ.

ಮೂಗಿನ ಒಳಗೆ, ಮೇಲ್ಭಾಗದಲ್ಲಿ, ಕೆಲವೇ ಚದರ ಸೆಂಟಿಮೀಟರ್ ಜಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಒಂದೊಂದು ಕೋಶದ ಮೇಲೂ ಒಂದು ಬಗೆಯ ಗ್ರಾಹಕ, ಅಂದರೆ ವಾಸನೆಯ ಕಣಗಳನ್ನು ಹಿಡಿದುಕೊಳ್ಳುವ ಪ್ರೋಟೀನು. ಮನುಷ್ಯರಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಇವುಗಳ ಜೀನುಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆ ಮಾಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ವಾಸನೆಗೆ ಒಂದೇ ಗ್ರಾಹಕ ಅಂತಿಲ್ಲ. ಇಂಗಿನ ಒಗ್ಗರಣೆಗೆ ಗ್ರಾಹಕಗಳ ಒಂದು ಗುಂಪು ಎಚ್ಚರಾಗುತ್ತದೆ, ಮೆಂತ್ಯ ಹುರಿದರೆ ಇನ್ನೊಂದು ಗುಂಪು. ಕೆಲವು ಎರಡರಲ್ಲೂ ಇರಬಹುದು. ಯಾವ್ಯಾವುದು ಒಟ್ಟಿಗೆ ಎಚ್ಚರಾದವು ಅನ್ನುವುದರ ಮೇಲೆ ಮೆದುಳು ವಾಸನೆಯನ್ನು ಗುರುತಿಸುತ್ತದೆ.

ಮುಂದಿನದು ಇಡೀ ಮಾತಿಗೇ ಮುಖ್ಯವಾದದ್ದು. ಕಣ್ಣು ಕಂಡಿದ್ದು, ಕಿವಿ ಕೇಳಿದ್ದು, ಚರ್ಮಕ್ಕೆ ತಾಗಿದ್ದು ಮೆದುಳಿನ ಮೇಲ್ಪದರಕ್ಕೆ ಹೋಗುವ ಮೊದಲು ಥಾಲಮಸ್ ಅನ್ನುವ ಕಡೆ ನಿಂತು ಹೋಗುತ್ತವೆ. ವಾಸನೆ ಹಾಗೆ ನಿಲ್ಲುವುದಿಲ್ಲ. ಮೂಗಿನ ನರಗಳು ಸಣ್ಣ ಸಣ್ಣ ತೂತಿರುವ ಒಂದು ತೆಳು ಮೂಳೆಯನ್ನು ದಾಟಿ, ಮೆದುಳಿನಲ್ಲಿ ವಾಸನೆಯನ್ನು ಮೊದಲು ಬರಮಾಡಿಕೊಳ್ಳುವ ಆಲ್ಫ್ಯಾಕ್ಟರಿ ಬಲ್ಬ್ ಅನ್ನುವ ಭಾಗ ಸೇರುತ್ತವೆ. ಅಲ್ಲಿಂದ ನೇರವಾಗಿ ಅಮಿಗ್ಡಲಾಕ್ಕೆ, ಮತ್ತು ಹಿಪೊಕ್ಯಾಂಪಸ್‌ಗೆ ಬಾಗಿಲಾಗಿರುವ ಭಾಗಕ್ಕೆ ದಾರಿ ಇದೆ. ಹೆದರಿಕೆ, ಸಂತೋಷ, ಅಸಹ್ಯ ಇವುಗಳಿಗೆ ಅಮಿಗ್ಡಲಾ ಬೇಕು. ಎಲ್ಲಿ, ಯಾವಾಗ, ಯಾರ ಜೊತೆ ಅನ್ನುವ ನೆನಪು ಕಟ್ಟುವುದಕ್ಕೆ ಹಿಪೊಕ್ಯಾಂಪಸ್ ಬೇಕು. ಆದ್ದರಿಂದಲೇ ಒಂದು ವಾಸನೆ ಬಡಿದಾಗ 'ಇದೇನು' ಅಂತ ಗೊತ್ತಾಗುವ ಮುಂಚೆಯೇ ಎದೆಯಲ್ಲಿ ಏನೋ ಆಗಿಬಿಡುತ್ತದೆ. ಹೆಸರು ಆಮೇಲೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. 'ಇದು ಎಲ್ಲೋ ಗೊತ್ತಿರೋ ವಾಸನೆ, ಏನದು, ಏನದು' ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ನೀವೂ ಯೋಚಿಸಿರ್ತೀರಿ.

ನಮ್ಮೂರಿನ ಬೆಣ್ಣೆ ದೋಸೆಯನ್ನೇ ತಗೊಳ್ಳಿ. ಹೋಟೆಲಿನ ಒಲೆ ಮುಂದೆ ನಿಂತು ಒಮ್ಮೆ ಸುಮ್ನೆ ಗಮನಿಸಿ. ಕಾದ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಒರೆಸುತ್ತಾರೆ. ಹಿಟ್ಟು ಬೀಳುತ್ತದೆ. ಅಕ್ಕಿ, ಉದ್ದಿನಬೇಳೆ, ಜೊತೆಗೆ ಮಂಡಕ್ಕಿ ಸೇರಿಸಿ ರುಬ್ಬಿ ರಾತ್ರಿಯೆಲ್ಲ ಬಿಟ್ಟ ಹಿಟ್ಟು. ಅದರಲ್ಲಿ ಬ್ಯಾಕ್ಟೀರಿಯಾ ಹುಟ್ಟಿಸಿದ ಹುಳಿ ವಾಸನೆ ಮೊದಲು ಬರುತ್ತದೆ. ಮೇಲೆ ಬಿಳಿ ಬೆಣ್ಣೆ ಬೀಳುತ್ತದೆ. ಮೊಸರು ಕಡೆದು ತೆಗೆದ ಬೆಣ್ಣೆಗೆ ಆ ವಾಸನೆ ಕೊಡುವುದರಲ್ಲಿ ಡೈಅಸಿಟೈಲ್ ಅನ್ನುವ ವಸ್ತುವಿನ ಪಾಲು ದೊಡ್ಡದು, ಅದನ್ನೂ ಬ್ಯಾಕ್ಟೀರಿಯಾಗಳೇ ಮಾಡುವುದು. ಬೆಣ್ಣೆ ಕರಗಿ ಅಂಚಿಗೆ ಹರಿದು ತುಪ್ಪವಾಗುತ್ತದೆ, ಅಂಚು ಕೆಂಪಗಾಗುತ್ತದೆ. ಕೆಂಪಗಾಗುವಾಗ ಸಕ್ಕರೆ ಅಂಶ ಮತ್ತು ಪ್ರೋಟೀನಿನ ಅಂಶ ಶಾಖಕ್ಕೆ ಸೇರಿ ಹೊಸ ಹೊಸ ವಾಸನೆಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಮೈಯಾರ್ ಕ್ರಿಯೆ ಅಂತ ಕರೀತಾರೆ. ಇಷ್ಟರ ಜೊತೆಗೆ ಸೌದೆ ಹೊಗೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್ ಅನ್ನುವ ವಸ್ತು ಹೊರಡುತ್ತದೆ, ಹೊಗೆ ವಾಸನೆಯ ಒಂದು ಮುಖ್ಯ ಭಾಗ ಅದು.

ಬೆಂಗಳೂರಿನ ಫ್ಲಾಟಿನಲ್ಲಿ ಗ್ಯಾಸ್ ಒಲೆ ಮೇಲೆ ಇದೇ ಹಿಟ್ಟು, ಇದೇ ಬೆಣ್ಣೆ ಹಾಕಿ ಮಾಡ್ತೀರಿ. ಮಗ ಒಂದು ತುತ್ತು ತಿಂದು 'ಚೆನ್ನಾಗಿದೆ ಅಮ್ಮಾ, ಆದ್ರೆ ನಮ್ಮೂರದ್ದಲ್ಲ' ಅಂತಾನೆ. ಬೇಜಾರು ಮಾಡಿಕೊಳ್ಳಬೇಡಿ, ಅವನು ಹೇಳ್ತಿರೋದು ನಿಜ. ಅವನ ಮೂಗು ಚಿಕ್ಕಂದಿನಲ್ಲಿ ಹೊಗೆಯನ್ನೂ ಸೇರಿಸಿಕೊಂಡು ಆ ದೋಸೆಯನ್ನು ಕಲಿತಿದೆ. ಹೊಗೆ ಇಲ್ಲದಿದ್ದರೆ ಆ ಗುಂಪಿನಲ್ಲಿ ಕೆಲವು ಗ್ರಾಹಕಗಳು ಎಚ್ಚರಾಗುವುದೇ ಇಲ್ಲ.

ನೀವು ದಾವಣಗೆರೆಯಲ್ಲೇ ಇದ್ದೀರಿ, ಬೇಕೆಂದಾಗ ಬೆಣ್ಣೆ ದೋಸೆ ತಿಂತೀರಿ. ಅದರಿಂದ ನಿಮಗೆ ಬಾಲ್ಯ ನುಗ್ಗಿ ಬರುತ್ತಾ ಅಂತ ಕೇಳಿದೆ. ಜಾಸ್ತಿ ಜನ ಇಲ್ಲ ಅಂದರು. ಊರು ಬಿಟ್ಟು ವರ್ಷಗಟ್ಟಲೆ ಆದವರಿಗೆ ಮಾತ್ರ ಒಂದು ತುತ್ತಿಗೆ ಗಂಟಲು ಕಟ್ಟುತ್ತದೆ. ಪದೇ ಪದೇ ಸಿಗುವ ವಾಸನೆಗೆ ನೂರು ದಿನಗಳ ನೆನಪು ಅಂಟಿಕೊಂಡಿರುತ್ತದೆ, ಯಾವುದೋ ಒಂದೇ ದಿನವನ್ನು ಎಳೆದು ತರುವುದು ಅದಕ್ಕೆ ಕಷ್ಟ. ಎಂದೋ ಒಂದು ಕಾಲದಲ್ಲಿ ದಿನಾ ಇದ್ದು ಆಮೇಲೆ ಪೂರ್ತಿ ನಿಂತುಹೋದ ವಾಸನೆ ಇದೆಯಲ್ಲ, ಅದರ ಬಲವೇ ಬೇರೆ.

ಇಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. ಅವರ ತಂದೆ ಕಾಟನ್ ಮಿಲ್ಲಿನಲ್ಲಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಅಪ್ಪ ಶಿಫ್ಟ್ ಮುಗಿಸಿ ಬಂದು ಕೊಟ್ಟ ಬುತ್ತಿ ಡಬ್ಬಿಯ ಮುಚ್ಚಳ ತೆಗೆಯುವುದು ಇವರ ಕೆಲಸವಂತೆ. ಒಳಗೆ ಬೇಕಂತಲೇ ಉಳಿಸಿ ತಂದ ಅರ್ಧ ಜೋಳದ ರೊಟ್ಟಿ, ಅಂಚಿಗೆ ಮೆತ್ತಿದ ಶೇಂಗಾ ಚಟ್ನಿಪುಡಿ, ಡಬ್ಬಿಗೇ ಹತ್ತಿಕೊಂಡ ಯಂತ್ರದ ಎಣ್ಣೆ ವಾಸನೆ. 'ಬರೀ ಶೇಂಗಾ ಪುಡಿ ವಾಸನೆಗೆ ನನಗೇನೂ ಆಗಲ್ಲ ಮೇಡಂ, ಮನೇಲಿ ದಿನಾ ಇರುತ್ತೆ. ಮೊಮ್ಮಗನ ಸೈಕಲ್ ಚೈನಿಗೆ ಎಣ್ಣೆ ಹಾಕಿ ಕೈ ತೊಳೀದೆ ರೊಟ್ಟಿ ಮುರಿದೆ ನೋಡಿ, ಅಪ್ಪ ಪಕ್ಕದಲ್ಲೇ ಕೂತಂಗಾಯ್ತು' ಅಂದರು. ನಾನು ಪಾಠದಲ್ಲಿ ಹೇಳುವುದನ್ನೆಲ್ಲ ಅವರು ಒಂದು ಮಾತಿನಲ್ಲಿ ಹೇಳಿ ಕೂತರು. ಎರಡೂ ವಾಸನೆ ಒಟ್ಟಿಗೆ ಬಂದಾಗಲೇ ಆ ದಿನಗಳು ತೆರೆದುಕೊಂಡವು.

ವಾಸನೆ ತರುವ ನೆನಪು ಯಾವ ವಯಸ್ಸಿನದು ಅನ್ನುವುದನ್ನೂ ನೋಡಿದ್ದಾರೆ. ಸ್ವೀಡನ್ನಿನ ಯೋಹಾನ್ ವಿಲ್ಲಾಂಡರ್ ಮತ್ತು ಮಾರಿಯಾ ಲಾರ್ಸನ್ 2006ರಲ್ಲಿ ಇದನ್ನು ಪ್ರಕಟಿಸಿದರು. ವಯಸ್ಸಾದವರಿಗೆ ಕೆಲವು ಪದ ಓದಿಸಿದರು, ಚಿತ್ರ ತೋರಿಸಿದರು, ವಾಸನೆ ಮೂಸಿಸಿದರು. ಪದ ಮತ್ತು ಚಿತ್ರಗಳಿಂದ ಬಂದ ನೆನಪುಗಳು ಹೆಚ್ಚಾಗಿ ಹತ್ತು ದಾಟಿ ಇಪ್ಪತ್ತರೊಳಗಿನ ವಯಸ್ಸಿನವು. ವಾಸನೆಯಿಂದ ಬಂದವು ಹತ್ತು ವರ್ಷಕ್ಕೂ ಮೊದಲಿನವು. ನೀವೇ ಪರೀಕ್ಷೆ ಮಾಡಿ ನೋಡಿ. ಕಾಲೇಜಿನ ಫೋಟೋ ನೋಡಿದರೆ ಕಾಲೇಜು ನೆನಪಾಗುತ್ತದೆ, ಹೋಳಿಗೆ ಕಟ್ಟಿನ ಸಾರು ಕುದಿಯುವಾಗ ನೆನಪಾಗುವುದು ಕಾಲೇಜಲ್ಲ.

2009ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇನ್ನೊಂದು ತೋರಿಸಿದರು. ಒಂದು ವಸ್ತುವಿನ ಜೊತೆ ಮೊದಲ ಸಲ ಸೇರಿಸಿಕೊಂಡ ವಾಸನೆಗೆ ಮೆದುಳು ಒಂದು ವಿಶೇಷ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಅದೇ ವಸ್ತುವಿನ ಜೊತೆ ಬೇರೆ ವಾಸನೆ ಸೇರಿಸಿದರೂ ಹಿಪೊಕ್ಯಾಂಪಸ್‌ನಲ್ಲಿ ಆ ಮೊದಲನೆಯದರ ಗುರುತು ಬೇರೆಯಾಗೇ ಕಂಡಿತು. ಕಿವಿಗೆ ಕೇಳಿಸಿದ ಶಬ್ದಗಳಿಗೆ ಹಾಗೆ ಕಾಣಲಿಲ್ಲ. ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಸಂಗತಿ ಬಿಡದೆ ಕಾಡುತ್ತದೆ. ಮಗು ಹತ್ತು ವರ್ಷದೊಳಗೆ ಯಾವ ವಾಸನೆಯನ್ನು ಯಾವ ಮನಸ್ಥಿತಿಯಲ್ಲಿ ಮೊದಲು ಕಂಡಿತೋ ಅದು ಬಹುಶಃ ಅವನ ಜೊತೆ ಅರವತ್ತರವರೆಗೂ ನಡೆಯುತ್ತದೆ.

ಮಂಡಕ್ಕಿ ಭಟ್ಟಿ ಮಾತು ಬಂದಿದ್ದು ಆಗಲೇ. ಭಟ್ಟಿ ಕಡೆ ಹೋಗದವರಿಗಾಗಿ ಸ್ವಲ್ಪ ಹೇಳ್ತೀನಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಆಮೇಲೆ ಕೆಂಡದಂಥ ಮರಳಿಗೆ ಸುರಿಯುತ್ತಾರೆ. ಕಾಳಿನೊಳಗಿನ ತೇವ ಆವಿಯಾಗಿ ಒತ್ತುತ್ತದೆ, ಕ್ಷಣದಲ್ಲಿ ಅರಳುತ್ತದೆ, ತಕ್ಷಣ ಜರಡಿ ಹಿಡಿದು ಮರಳು ಬೇರೆ ಮಂಡಕ್ಕಿ ಬೇರೆ ಮಾಡಬೇಕು. ತಡವಾದರೆ ಕರಕಲಾಗುತ್ತದೆ. ಆ ಬಿಸಿ ಮಂಡಕ್ಕಿ ವಾಸನೆ ಎಷ್ಟು ಚೆಂದ, ಸಂಜೆ ಮಿರ್ಚಿ ಜೊತೆ, ಈರುಳ್ಳಿ ಜೊತೆ, ಅಂತ ನಾನು ಹೇಳ್ತಾ ಹೋದೆ. ಗೋಡೆ ಪಕ್ಕ ಕೂತಿದ್ದ ಒಬ್ಬ ಹೆಣ್ಣುಮಗಳು ಕೈ ಎತ್ತಿದರು.

'ಮೇಡಂ, ನಮ್ಗೆ ಮಂಡಕ್ಕಿ ಅಂದ್ರೆ ತಿಂಡಿ ಅಲ್ಲ್ರೀ, ಕೆಲ್ಸ. ಅಮ್ಮನ ಜೊತೆ ಭಟ್ಟಿಗೆ ಹೋಗ್ತಿದ್ದೆ. ಆ ವಾಸ್ನೆ ಬಂದ್ರೆ ನಂಗೆ ಈಗ್ಲೂ ಕಣ್ಣು ಉರಿಯುತ್ತೆ, ಅಮ್ಮನ ಮುಂಗೈ ಮೇಲಿನ ಸುಟ್ಟ ಗುರುತು ಕಾಣ್ಸುತ್ತೆ. ನನ್ನ ಮಕ್ಳು ಪಾರ್ಕಲ್ಲಿ ಖುಷಿಯಾಗಿ ತಿಂತಾರೆ. ನಾನು ಆ ಕಡೆ ತಿರುಗಿ ನಿಂತ್ಕೊಂತೀನಿ.'

ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಊಟ ಮತ್ತು ನೆನಪು ಅಂದ ಕೂಡಲೇ ಅಜ್ಜಿ ಕೈತುತ್ತು, ಹಳೇ ಕಾಲದ ಅಡುಗೆಮನೆ, ಎಲ್ಲ ಚೆಂದ ಅಂತ ಬರೆಯುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ಆ ಒಲೆ ಮುಂದೆ ಕೂತು ಹೊಗೆ ಕುಡಿದವರು ಯಾರು ಅಂತ ಕೇಳುವುದಿಲ್ಲ. ಒಂದೇ ವಾಸನೆ ಒಬ್ಬರಿಗೆ ಜಾತ್ರೆ, ಇನ್ನೊಬ್ಬರಿಗೆ ಕೂಲಿ. ಮೂಗಿನ ಮಟ್ಟಿಗೆ ಎರಡೂ ಅಷ್ಟೇ ಸತ್ಯ, ಅಮಿಗ್ಡಲಾ ಆ ಹೊತ್ತಿನ ಭಾವನೆಯನ್ನು ಸಿಹಿ ಕಹಿ ನೋಡದೆ ಸೇರಿಸಿಟ್ಟುಕೊಂಡಿದೆ. ಆ ಹೆಣ್ಣುಮಗಳು ಅಷ್ಟು ಜನರ ಮುಂದೆ ಅದನ್ನು ಹೇಳಿದ್ದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ.

ಕಹಿ ನೆನಪಿನಲ್ಲಿ ಇನ್ನೊಂದು ಬಗೆ ಇದೆ. ನನ್ನ ತಂಗಿ ಸಣ್ಣವಳಿದ್ದಾಗ ಒಂದು ಮದುವೆಯಲ್ಲಿ ಮಾವಿನ ಸೀಕರಣೆ ತಿಂದಳು, ಅವತ್ತೇ ರಾತ್ರಿ ಜ್ವರ, ವಾಂತಿ. ಸೀಕರಣೆಯದೇನೂ ತಪ್ಪಿರಲಿಲ್ಲ, ಅದನ್ನೇ ತಿಂದ ನಮಗ್ಯಾರಿಗೂ ಏನೂ ಆಗಲಿಲ್ಲ. ಇವತ್ತಿಗೂ ಏಲಕ್ಕಿ ಹಾಕಿದ ಮಾವಿನ ರಸದ ವಾಸನೆ ಬಂದರೆ ಅವಳು ಊಟದ ಎಲೆ ಬಿಟ್ಟು ಏಳ್ತಾಳೆ. ಅಮೆರಿಕದ ಜಾನ್ ಗಾರ್ಸಿಯಾ 1955ರಲ್ಲಿ ಇಲಿಗಳಲ್ಲಿ ಇದನ್ನೇ ತೋರಿಸಿದ್ದು. ಸಿಹಿ ಬೆರೆಸಿದ ನೀರು ಕುಡಿಯುವಾಗ ವಿಕಿರಣದಿಂದ ಅವಕ್ಕೆ ಹೊಟ್ಟೆ ಕೆಡುವಂತೆ ಮಾಡಿದರು, ಆಮೇಲೆ ಆ ಇಲಿಗಳು ಸಿಹಿ ನೀರನ್ನು ಮುಟ್ಟಲು ಹಿಂಜರಿದವು. ಬೇರೆ ಪಾಠ ಕಲಿಯಲು ಹತ್ತಾರು ಸಲ ಬೇಕು, ಇದಕ್ಕೆ ಒಂದೇ ಸಲ ಸಾಕು. ತಿಂದ ಎಷ್ಟೋ ಗಂಟೆ ಬಿಟ್ಟು ಹೊಟ್ಟೆ ಕೆಟ್ಟರೂ ಮೆದುಳು ಅದನ್ನು ಊಟಕ್ಕೇ ಗಂಟು ಹಾಕುತ್ತದೆ. ವಿಷದ ಕಾಯಿ ತಿಂದು ಬದುಕಿದ ಪ್ರಾಣಿಗೆ ಇದು ಬೇಕಾದ ಗುಣ. ಹಾಗಾಗಿ ಮನೆಯಲ್ಲಿ ಯಾರಾದರೂ ಒಂದು ಅಡುಗೆ ಬೇಡ ಅಂದರೆ 'ಸೊಕ್ಕು' ಅನ್ನಬೇಡಿ. ಹಿಂದೆ ಏನೋ ಆಗಿರಬಹುದು, ಅವರಿಗೇ ಮರೆತುಹೋಗಿರಬಹುದು.

ಈ ಕಲಿಕೆ ಶುರುವಾಗುವುದು ಎಲ್ಲಿಂದ ಗೊತ್ತಾ? ಹೊಟ್ಟೆಯಲ್ಲಿರುವಾಗಿನಿಂದ. ತಾಯಿ ತಿಂದ ಊಟದ ವಾಸನೆಗಳು ಮಗುವನ್ನು ಸುತ್ತಿರುವ ನೀರಿಗೆ ಸೇರುತ್ತವೆ, ಮಗು ಅದನ್ನು ನುಂಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ, ವಾಸನೆಗಳ ಅಧ್ಯಯನ ಮಾಡುವ ಮೊನೆಲ್ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ತಾಯಂದಿರು ಗರ್ಭಿಣಿಯಾಗಿದ್ದಾಗ, ಇನ್ನು ಕೆಲವರು ಹಾಲುಣಿಸುವಾಗ ಕ್ಯಾರೆಟ್ ರಸ ಕುಡಿದರು. ಆ ಮಕ್ಕಳಿಗೆ ಮುಂದೆ ಕ್ಯಾರೆಟ್ ರುಚಿಯ ಗಂಜಿ ಕೊಟ್ಟಾಗ ಬೇರೆ ಮಕ್ಕಳಿಗಿಂತ ಕಡಿಮೆ ಮುಖ ಸಿಂಡರಿಸಿದವು. ಅದೇ ಕೇಂದ್ರದವರು 1991ರಲ್ಲಿ ಬೆಳ್ಳುಳ್ಳಿಯದನ್ನೂ ನೋಡಿದ್ದರು. ತಾಯಿ ಬೆಳ್ಳುಳ್ಳಿ ತಿಂದ ಒಂದೆರಡು ಗಂಟೆಗೆ ಎದೆಹಾಲಿನಲ್ಲಿ ಆ ವಾಸನೆ ಬರುತ್ತದೆ, ಮಗು ಆಗ ಹೆಚ್ಚು ಹೊತ್ತು ಹಾಲು ಚೀಪುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಬಾಣಂತಿ ಊಟ ಕಣ್ಮುಂದೆ ಬಂತು. ಸಬ್ಬಸಿಗೆ ಸೊಪ್ಪು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ, ಊಟದ ಮೇಲೆ ಸೋಂಪು. ಅಮ್ಮನಿಗೆ ಅಂತ ಬಡಿಸಿದ್ದು ಮಗುವಿಗೂ ಮುಟ್ಟುತ್ತಿರುತ್ತದೆ. ಮೊದಲ ಹಲ್ಲು ಬರುವ ಮುಂಚೆಯೇ ಮಗುವಿಗೆ ಆ ಮನೆಯ ಅಡುಗೆ ಪರಿಚಯ ಆಗಿಬಿಟ್ಟಿರುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೂ ನಾವು ಊಟದ ಹೊತ್ತಿಗೇ ಮಕ್ಕಳನ್ನು ಬೈಯುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಮಾರ್ಕ್ಸ್ ಕಾರ್ಡು ತೆಗೆಯುವುದು ತಟ್ಟೆ ಮುಂದೆ ಇಟ್ಟಾಗಲೇ. ಗಂಡ ಹೆಂಡತಿ ಜಗಳ ಆಡುವುದೂ ಆಗಲೇ. ಪುಂಡಿಪಲ್ಯ ತಿನ್ನು ಅಂತ ತಲೆಗೆ ಮೊಟಕಿ ತಿನ್ನಿಸಿದರೆ ಆ ಮಗು ಪಲ್ಯವನ್ನೂ ಮೊಟಕಿದ್ದನ್ನೂ ಒಟ್ಟಿಗೇ ಕಲಿಯುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದ ಒಬ್ಬ ಹುಡುಗ ಅವತ್ತು ಹೇಳಿದ, ಅವನಿಗೆ ಎಲ್ಲಿ ಬಿಸಿಯೂಟದಂಥ ಸಾಂಬಾರ್ ವಾಸನೆ ಬಂದರೂ ಹಸಿವೂ ಆಗುತ್ತದೆ, ಧೈರ್ಯವೂ ಬರುತ್ತದಂತೆ. ಬಡಿಸುತ್ತಿದ್ದ ಅಡುಗೆಯಮ್ಮ 'ಇನ್ನೊಂಚೂರು ಹಾಕ್ಲೇನೋ' ಅಂತ ದಿನಾ ಕೇಳ್ತಿದ್ದರಂತೆ. ಆ ತಾಯಿ ಅನ್ನ ಮಾತ್ರ ಬಡಿಸಲಿಲ್ಲ ಅಂತ ಅವನಿಗೆ ಈಗ ಗೊತ್ತಾಗಿದೆ.

ಒಂದು ಎಚ್ಚರ ಹೇಳಲೇಬೇಕು. ವಾಸನೆಯಿಂದ ಬಂದ ನೆನಪು ಗಾಢವಾಗಿರುತ್ತದೆ, ಹಾಗಂತ ವಿವರಗಳೆಲ್ಲ ಸರಿ ಅಂತಲ್ಲ. ಮನೋವಿಜ್ಞಾನಿ ರೇಚಲ್ ಹರ್ಜ್ ಅವರ ಕೆಲಸದಲ್ಲಿ ಕಂಡದ್ದು ಇದೇ, ಭಾವನೆ ಹೆಚ್ಚು, ನಿಖರತೆ ಮಾತ್ರ ಬೇರೆ ನೆನಪುಗಳಷ್ಟೇ. ಅಣ್ಣ ತಮ್ಮ ಕೂತು 'ದುಗ್ಗಮ್ಮನ ಜಾತ್ರೆ ದಿನ ಅಜ್ಜಿ ಮಾಡಿದ್ದು ಕಡಲೆಬೇಳೆ ಹೋಳಿಗೆ', 'ಅಲ್ಲ ಶೇಂಗಾ ಹೋಳಿಗೆ' ಅಂತ ವಾದ ಮಾಡ್ತಾರಲ್ಲ, ಇಬ್ಬರೂ ಆಣೆ ಇಡುವಷ್ಟು ಖಚಿತವಾಗಿರ್ತಾರೆ. ಅಜ್ಜಿ ಪ್ರೀತಿಯಿಂದ ಬಡಿಸಿದ್ದು ಇಬ್ಬರಿಗೂ ಸರಿಯಾಗೇ ನೆನಪಿದೆ. ಹೂರಣದ ವಿಷಯಕ್ಕೆ ಅಮ್ಮನನ್ನು ಕೇಳುವುದು ಒಳ್ಳೇದು.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ. ಕೋವಿಡ್ ಆದಮೇಲೆ ಅವರ ಅತ್ತೆಗೆ ಒಗ್ಗರಣೆ ವಾಸನೆ ಸರಿಯಾಗಿ ಬರುತ್ತಿಲ್ಲ, ಕಾಫಿ ಮೂಸಿದರೆ ಸುಟ್ಟ ವಾಸನೆ ಬರುತ್ತದಂತೆ. ಊಟ ಕಡಿಮೆ ಮಾಡಿದ್ದಾರೆ, ಮೊದಲಿನ ಹಾಗೆ ಊರಿನ ಕಥೆ ಹೇಳುವುದನ್ನೂ ನಿಲ್ಲಿಸಿದ್ದಾರೆ. ಏನು ಮಾಡಬಹುದು?

ಮೊದಲು ಅವರ ದೂರನ್ನು ನಂಬಿ. ಆ ವೈರಸ್ ಹೆಚ್ಚಾಗಿ ಹಿಡಿದದ್ದು ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳನ್ನು. ನರಕೋಶಗಳು ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತವೆ, ಮೂಗಿಗೆ ಈ ಅನುಕೂಲ ಜೀವನಪೂರ್ತಿ ಇದೆ. ಆದರೆ ಹೊಸವು ಸರಿಯಾದ ಜಾಗಕ್ಕೆ ಹೋಗಿ ಸೇರಲು ತಿಂಗಳುಗಳು ಬೇಕು. ಆ ನಡುವಿನ ಕಾಲದಲ್ಲಿ ಒಳ್ಳೇ ವಾಸನೆ ಕೆಟ್ಟದ್ದಾಗಿ ಕಾಣುವುದು ಉಂಟು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸರಳ ಅಭ್ಯಾಸವನ್ನು ಪರೀಕ್ಷಿಸಿ ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಅಭ್ಯಾಸ ಮಾಡಿದವರಲ್ಲಿ ಹಲವರಿಗೆ ಸುಧಾರಣೆ ಕಂಡಿತು. ಎಲ್ಲರಿಗೂ ಆಗುತ್ತದೆ ಅಂತಿಲ್ಲ, ಖರ್ಚಂತೂ ಇಲ್ಲ. ಗಡಿಬಿಡಿಯಲ್ಲಿ ಮೂಸಬೇಡಿ. ಒಂದೊಂದನ್ನೂ ನಿಧಾನವಾಗಿ, 'ಇದು ಲವಂಗ' ಅಂತ ಮನಸ್ಸಿನಲ್ಲಿ ತಂದುಕೊಂಡು ಮೂಸಬೇಕು.

ಜೊತೆಗೆ ಒಮ್ಮೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಾದವರಲ್ಲಿ ಕಾರಣವಿಲ್ಲದೆ ವಾಸನೆ ಹೋಗುವುದು ಪಾರ್ಕಿನ್ಸನ್, ಅಲ್ಝೈಮರ್ ಥರದ ಕಾಯಿಲೆಗಳಲ್ಲಿ ಮುಂಚಿತವಾಗಿಯೇ ಕಾಣಿಸಿಕೊಳ್ಳಬಹುದು. ಹಾಗಂತ ಹೆದರಿಸಬೇಡಿ, ತೋರಿಸಿ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್‌ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತು ಸೇರಿಸಿರುತ್ತಾರೆ. ಅತ್ತೆಗೆ ಅದೂ ಬರದೇ ಇರಬಹುದು. ಅವರು ಒಬ್ಬರೇ ಮನೆಯಲ್ಲಿರುವ ದಿನ ರೆಗ್ಯುಲೇಟರ್ ಆಫ್ ಮಾಡಿ ಹೊರಡಿ. ಮೊಸರು, ಉಳಿದ ಸಾರು ಕೆಟ್ಟಿದೆಯಾ ಅಂತ ನೋಡುವ ಕೆಲಸವನ್ನೂ ಸದ್ಯಕ್ಕೆ ಮನೆಯ ಬೇರೆಯವರು ವಹಿಸಿಕೊಳ್ಳಲಿ.